ಇಡೀ ರಾತ್ರಿ ಆಟ ನೋಡಿ ಬೆಳಿಗ್ಗೆ ದೇವಿಮನೆ ಘಟ್ಟ ಹತ್ತಬಹುದೇ?

ನೀವು ಕೇಳಿದ್ದು ಎರಡು. ಕುಮಟಾ ಕಡೆ ಇಡೀ ರಾತ್ರಿ ಯಕ್ಷಗಾನದ ಆಟ ನೋಡಿ, ಮಂಗಳ ಆದ ಕೂಡಲೇ ಬೈಕಿನಲ್ಲಿ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೊರಡಲು ಎರಡು ಲೋಟ ಚಾ ಸಾಕೇ? ಮರುದಿನ ಹಗಲು ಮಲಗಿದರೆ ತಪ್ಪಿದ ನಿದ್ದೆ ತುಂಬುತ್ತದೆಯೇ? ಮೊದಲನೆಯದಕ್ಕೆ ಉತ್ತರ, ಸಾಲದು. ಅಲ್ಲೇ ಮಲಗಿ ಎದ್ದು ಹೊರಡಿ. ಎರಡನೆಯದು ಸ್ವಲ್ಪ ಬಿಡಿಸಿ ಹೇಳಬೇಕಾದದ್ದು.

ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೊಸಿನ್ ಎಂಬ ನಿದ್ದೆ ಬರಿಸುವ ರಾಸಾಯನಿಕ ಕೂಡುತ್ತಾ ಹೋಗುತ್ತದೆ. ಅದು ಇಳಿಯುವುದು ಮಲಗಿದರೆ ಮಾತ್ರ. ಇದರ ಜೊತೆಗೆ ದೇಹದೊಳಗೊಂದು ಗಡಿಯಾರವಿದೆ. ರಾತ್ರಿ ಮಲಗುವ ರೂಢಿಯವರಿಗೆ ಬೆಳಗಿನ ಜಾವ 4-5ರ ಹೊತ್ತಿಗೆ ಮೈಯ ಉಷ್ಣತೆ ಅತಿ ಕೆಳಗಿರುತ್ತದೆ, ಎಚ್ಚರವೂ ಅಷ್ಟೇ ಕೆಳಗೆ. ಆಟ ಮುಗಿಯುವ ಹೊತ್ತಿಗೆ ಎರಡೂ ಸೇರಿ ಕೆಳಗೆಳೆಯುತ್ತಿರುತ್ತವೆ.

ಆಮೇಲೆ ಬರುವುದೇ ದೊಡ್ಡ ಮೋಸ. ಬೆಳಕು ಹರಿದು 7 ಗಂಟೆಯಾಗುತ್ತಲೇ ಗಡಿಯಾರ ಮೇಲೇಳುತ್ತದೆ, ಮೈ ಹಗುರವಾದಂತೆ ಅನಿಸುತ್ತದೆ. ಕೂಡಿಟ್ಟ ಅಡೆನೊಸಿನ್ ಮಾತ್ರ ಹಾಗೇ ಇರುತ್ತದೆ. ‘ನಂಗೆ ನಿದ್ದೆ ಬರ್ತಾ ಇಲ್ಲ’ ಎಂಬ ಮಾತನ್ನು ನಾನು ಯಾರ ಬಾಯಲ್ಲೂ ನಂಬುವುದಿಲ್ಲ. 2003ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 14 ದಿನ 6 ಗಂಟೆಯಷ್ಟೇ ಮಲಗಿದವರ ಗಮನ, ಒಂದೆರಡು ರಾತ್ರಿ ಪೂರ್ತಿ ನಿದ್ದೆಗೆಟ್ಟವರ ಮಟ್ಟಕ್ಕೆ ಕುಸಿದಿತ್ತು. ತಮಗೆ ಅಷ್ಟೇನೂ ನಿದ್ದೆ ಬರುತ್ತಿಲ್ಲವೆಂದೇ ಅವರ ಅನಿಸಿಕೆ. ನಮ್ಮಲ್ಲಿ ಆಟದ ಕಾಲವೂ ಅಡಿಕೆ ಸುಲಿಯುವ ಕಾಲವೂ ಒಟ್ಟಿಗೇ ಬರುವುದರಿಂದ, ವಾರವಿಡೀ ನಿದ್ದೆ ಬಾಕಿ ಇಟ್ಟುಕೊಂಡೇ ಆಟಕ್ಕೆ ಹೋಗುವವರು ಬಹಳ. ಅವರಿಗೆ ಅಪಾಯ ಇನ್ನೂ ಹೆಚ್ಚು.

1997ರ ಇನ್ನೊಂದು ಅಧ್ಯಯನ ಎಚ್ಚರವಿರುವುದನ್ನು ಮದ್ಯದ ಜೊತೆ ಹೋಲಿಸಿತು. ಸತತ 17 ಗಂಟೆ ಎಚ್ಚರವಿದ್ದರೆ ಕೈ-ಕಣ್ಣಿನ ಹೊಂದಾಣಿಕೆ ರಕ್ತದಲ್ಲಿ ಶೇ. 0.05 ಮದ್ಯ ಇದ್ದಂತೆ, 24 ಗಂಟೆಗೆ ಸುಮಾರು ಶೇ. 0.10 ಇದ್ದಂತೆ. ನಮ್ಮ ದೇಶದಲ್ಲಿ ಗಾಡಿ ಓಡಿಸುವವರಿಗಿರುವ ಮಿತಿ ಶೇ. 0.03. ಬೆಳಿಗ್ಗೆ 6ಕ್ಕೆ ಎದ್ದವರು ರಾತ್ರಿ 11ಕ್ಕೇ 17 ಗಂಟೆ ಮುಗಿಸಿರುತ್ತಾರೆ.

ಇಷ್ಟು ದಣಿದ ಮಿದುಳು ಕಣ್ಣು ತೆರೆದಿದ್ದರೂ ಕೆಲವು ಸೆಕೆಂಡ್ ನಿದ್ದೆಗೆ ಜಾರುತ್ತದೆ. 40 ಕಿ.ಮೀ. ವೇಗದಲ್ಲಿ 3 ಸೆಕೆಂಡ್ ಎಂದರೆ 33 ಮೀಟರ್. ದೇವಿಮನೆಯ ತಿರುವಿಗೆ ಅಷ್ಟು ಬೇಡ. ಹಾಗೆಂದು ಘಟ್ಟ ದಾಟಿದೊಡನೆ ಗೆದ್ದೆವು ಎಂದುಕೊಳ್ಳಬೇಡಿ. ತಿರುವಿನಲ್ಲಿ ಭಯವೇ ಎಚ್ಚರಿಸುತ್ತಿರುತ್ತದೆ. ಮೇಲೆ ಬಂದು ಕಾಡಿನ ನಡುವೆ ರಸ್ತೆ ನೆಟ್ಟಗಾದಾಗ ಮನಸ್ಸು ಸಡಿಲಗೊಂಡು ಕಣ್ಣು ಎಳೆಯುತ್ತದೆ.

ಇನ್ನು ಚಾ. ಅದರಲ್ಲಿರುವ ಕೆಫೀನ್, ಅಡೆನೊಸಿನ್ ಕೂರುವ ಜಾಗದಲ್ಲಿ ತಾನು ಕೂರುತ್ತದೆ, ಅದನ್ನು ಖಾಲಿ ಮಾಡುವುದಿಲ್ಲ. ಪೂರ್ಣ ಪರಿಣಾಮಕ್ಕೆ ಅರ್ಧ ಗಂಟೆ ಹತ್ತಿರ ಬೇಕು. ಆದ್ದರಿಂದ ಕುಡಿದು ಕಿಕ್ ಹೊಡೆಯಬೇಡಿ. ಗಟ್ಟಿ ಕಾಫಿಯನ್ನೋ ಚಾವನ್ನೋ ಕುಡಿದ ಕೂಡಲೇ 20 ನಿಮಿಷಕ್ಕೆ ಅಲಾರಾಂ ಇಟ್ಟು ಮಲಗಿ. ಎದ್ದ ಮೇಲೆ 15 ನಿಮಿಷ ಓಡಾಡಿ, ಮಂಪರು ಹರಿಯಲಿ. 40-50 ನಿಮಿಷ ಮಲಗಿದರೆ ಗಾಢ ನಿದ್ದೆಯ ನಡುವೆ ಏಳಬೇಕಾಗಿ ಮಂಪರು ಇನ್ನಷ್ಟು ಹೊತ್ತು ಹಿಡಿಯುತ್ತದೆ. ಇದೆಲ್ಲ ತುರ್ತಿನ ಉಪಾಯ, ಹೆಚ್ಚೆಂದರೆ ಒಂದೆರಡು ಗಂಟೆಗೆ. ಮುಖ ತೊಳೆಯುವುದು, ಹಾಡು ಹೇಳುವುದು ಕೆಲವೇ ನಿಮಿಷಕ್ಕೆ. ಹಿಂದಿನ ತಿರುವು ದಾಟಿದ್ದೇ ನೆನಪಿಲ್ಲ, ತಲೆ ಜೋತು ಬಿತ್ತು ಎಂದಾದರೆ ಬೈಕ್ ಬದಿಗೆ ಹಾಕಿ ಮಲಗಿ.

ಸರಿಯಾದ ತಯಾರಿ ಆಟದ ದಿನ ಮಧ್ಯಾಹ್ನವೇ ಶುರು. ಊಟವಾದ ಮೇಲೆ, ಹೇಗೂ ಕಣ್ಣು ಎಳೆಯುವ 1.30ರಿಂದ 3ರವರೆಗೆ, ಒಂದೂವರೆ ಗಂಟೆ ಮಲಗಿ. ಆಟ ಮುಗಿದ ಮೇಲೆ ಕುಮಟಾದಲ್ಲೇ ನೆಂಟರ ಮನೆಯಲ್ಲಿ ಮೂರು-ನಾಲ್ಕು ಗಂಟೆ ನಿದ್ದೆ ಮಾಡಿ. ಅದೂ ಆಗದಿದ್ದರೆ ಬೈಕ್ ಅಲ್ಲೇ ಬಿಟ್ಟು ಬಸ್ ಹತ್ತಿ.

ಹಗಲು ನಿದ್ದೆ ನಾಲ್ಕೈದು ಗಂಟೆಯೊಳಗೇ ಮುರಿಯುವುದು ಸಹಜ, ಮೈ ಬಿಸಿ ಏರುತ್ತಿರುತ್ತದೆ. ಕರಾವಳಿಯ ಸೆಕೆಯಲ್ಲಂತೂ ಫ್ಯಾನ್, ಕಿಟಕಿಗೆ ದಪ್ಪ ಬಟ್ಟೆ ಎರಡೂ ಬೇಕು. ಮುರಿದರೆ ಚಿಂತೆ ಬೇಡ, ಮಿದುಳು ಗಾಢ ನಿದ್ದೆಯನ್ನೇ ಮೊದಲು ತುಂಬಿಕೊಳ್ಳುತ್ತದೆ. ಗಂಟೆಗೆ ಗಂಟೆ ಲೆಕ್ಕ ಹಾಕಬೇಕಿಲ್ಲ. 1963-64ರಲ್ಲಿ 264 ಗಂಟೆ ಎಚ್ಚರವಿದ್ದ ಅಮೆರಿಕದ ವಿದ್ಯಾರ್ಥಿ ರ‍್ಯಾಂಡಿ ಗಾರ್ಡ್ನರ್ ಆಮೇಲೆ ಒಮ್ಮೆಗೆ ಮಲಗಿದ್ದು ಸುಮಾರು 14 ಗಂಟೆ. ಮಧ್ಯಾಹ್ನ 2ರ ನಂತರ ಹಾಸಿಗೆಯಲ್ಲಿ ಹೊರಳಬೇಡಿ, ಚಾ ಕೂಡ ಬೇಡ. ಆ ರಾತ್ರಿ ಒಂದು ಗಂಟೆ ಬೇಗ ಮಲಗಿ, ಮರುದಿನ ಎಂದಿನ ಹೊತ್ತಿಗೇ ಏಳಿ.