ಡಾರ್ಕ್ ಮ್ಯಾಟರ್ ಖರ್ಚಾಗಿ ಹೋಗಲ್ವಾ?

ಕಾರವಾರದ ಕೋಡಿಬಾಗದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಮ್ಮ ಗ್ಯಾಲಕ್ಸಿಯ ನಡುವಿನಿಂದ ಬರುವ ಗಾಮಾ ಕಿರಣಗಳಿಗೆ ಡಾರ್ಕ್ ಮ್ಯಾಟರ್, ಅಂದರೆ ಕಣ್ಣಿಗೆ ಕಾಣದ, ಗುರುತ್ವದಿಂದಷ್ಟೇ ಸುಳಿವು ಕೊಡುವ ವಸ್ತು, ಕಾರಣ ಇರಬಹುದು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೆವು. ಅದರ ಕಣಗಳು ಎದುರಾಗಿ ಒಂದನ್ನೊಂದು ನಾಶ ಮಾಡಿಕೊಂಡಾಗ ಗಾಮಾ ಕಿರಣ ಹೊಮ್ಮುತ್ತದೆ ಎಂಬುದು ಊಹೆ. ಕೈಗಾ ಅಣುಸ್ಥಾವರದ ಗಾಮಾ ಕಿರಣವೂ ಇದೂ ಒಂದೇನಾ ಅಂತ ಕೇಳಿದ್ದೀರಿ. ಆ ಕಣಗಳು ಒಂದನ್ನೊಂದು ನಾಶ ಮಾಡಿಕೊಳ್ಳುತ್ತಿದ್ದರೆ ಇಷ್ಟೊತ್ತಿಗೆ ಎಲ್ಲ ಮುಗಿದಿರಬೇಕಿತ್ತಲ್ವಾ ಅಂತಲೂ ಕೇಳಿದ್ದೀರಿ.

ಜಾತಿ ಒಂದೇ, ಶಕ್ತಿ ಬೇರೆ. ಅಣು ರಿಯಾಕ್ಟರಿನೊಳಗಿನ ಗಾಮಾ ಕಿರಣದ ಶಕ್ತಿ ಹೆಚ್ಚೆಂದರೆ ಕೆಲವು ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್. ನಾವು ಬರೆದದ್ದು ಅದರ ಸುಮಾರು ಸಾವಿರ ಪಟ್ಟು. ಅದು ನೆಲದವರೆಗೆ ಬರುವುದಿಲ್ಲ, ವಾತಾವರಣವೇ ತಡೆಯುತ್ತದೆ. ಅದಕ್ಕೇ 2008ರಲ್ಲಿ ಫರ್ಮಿ ದೂರದರ್ಶಕವನ್ನು ಮೇಲೆ ಕಳಿಸಿದ್ದು.

ಎರಡನೇ ಪ್ರಶ್ನೆ ನನಗೆ ಜಾಸ್ತಿ ಇಷ್ಟವಾಯಿತು. ಒಂಟಿ ಕಣ ಸುಮ್ನೆ ಮಾಯವಾಗುವುದಿಲ್ಲ, ಎರಡು ಎದುರಾಗಬೇಕು. ಶಿರಸಿ ಜಾತ್ರೆಯಲ್ಲಿ ಬಿಡ್ಕಿಬೈಲಿನ ಜನ ಎರಡು ಪಟ್ಟಾದರೆ ಮೈಗೆ ಮೈ ತಾಗುವುದು ನಾಲ್ಕು ಪಟ್ಟಾಗುತ್ತದಲ್ಲ, ಇಲ್ಲೂ ಅದೇ ಲೆಕ್ಕ. ಬಿಗ್ ಬ್ಯಾಂಗ್ ಆದ ಹೊಸತರಲ್ಲಿ ಕಣಗಳು ಒತ್ತೊತ್ತಾಗಿದ್ದವು, ಬಹುಪಾಲು ಆಗಲೇ ಮುಗಿದುಹೋದವು, ಆಮೇಲೆ ವಿಶ್ವ ಹಿಗ್ಗಿದ ಹಾಗೆ ಉಳಿದವು ಒಂದಕ್ಕೊಂದು ಸಿಗುವುದೇ ಅಪರೂಪವಾಯಿತು ಎನ್ನುತ್ತದೆ ಈ ಸಿದ್ಧಾಂತ. ಆ ಉಳಿಕೆಯೇ ಮಾಮೂಲಿ ವಸ್ತುವಿನ ಐದು ಪಟ್ಟಿಗಿಂತ ಜಾಸ್ತಿ ಇದೆ!

ಈಗ ಅವು ಮತ್ತೆ ದಟ್ಟವಾಗಿರಬೇಕಾದದ್ದು ಗ್ಯಾಲಕ್ಸಿಯ ನಡುವೆ, ನಮ್ಮಿಂದ ಸುಮಾರು 26,000 ಜ್ಯೋತಿರ್ವರ್ಷ ದೂರ. ಮೂಲಾ ನಕ್ಷತ್ರದ ಹತ್ತಿರದ ದಿಕ್ಕು ಅದು. ಅದು ರಾತ್ರಿಯಿಡೀ ಮೇಲಿರುವುದು ಜೂನ್ ತಿಂಗಳಲ್ಲಿ, ಆಗ ನಮ್ಮ ಕಡೆ ಆಕಾಶ ಕಂಡರೆ ತಾನೇ! 2009ರಲ್ಲಿ ಭೌತವಿಜ್ಞಾನಿಗಳಾದ ಲೀಸಾ ಗುಡ್‌ಇನಫ್ ಮತ್ತು ಡ್ಯಾನ್ ಹೂಪರ್ ಫರ್ಮಿಯ ಮಾಹಿತಿ ಜಾಲಾಡಿ, ಅಲ್ಲಿ ಲೆಕ್ಕಕ್ಕಿಂತ ಹೆಚ್ಚು ಗಾಮಾ ಕಿರಣ ಇದೆ ಎಂದರು. ಹೆಚ್ಚುವರಿ ಇದೆ ಎಂಬುದರಲ್ಲಿ ಈಗ ದೊಡ್ಡ ತಕರಾರಿಲ್ಲ. ಅದು ಯಾರದ್ದು ಎಂಬುದೇ ಜಗಳ.

ಯಾಕೆಂದರೆ ಸೆಕೆಂಡಿಗೆ ನೂರಾರು ಸುತ್ತು ತಿರುಗುವ ಹಳೆಯ ಪಲ್ಸಾರ್‌ಗಳೂ (ಸತ್ತ ನಕ್ಷತ್ರಗಳ ದಟ್ಟ ಉಳಿಕೆಗಳು) ಹೆಚ್ಚುಕಡಿಮೆ ಇದೇ ಶಕ್ತಿಯ ಗಾಮಾ ಕಿರಣ ಬೀರುತ್ತವೆ. ಅಷ್ಟು ದೂರದಲ್ಲಿ ಸಾವಿರಾರು ಇದ್ದರೆ ಫರ್ಮಿಗೆ ಬಿಡಿಬಿಡಿಯಾಗಿ ಕಾಣದೆ ಒಟ್ಟಿಗೆ ಮಂಜಿನ ಹಾಗೆ ಕಂಡೀತು. ನನಗಂತೂ ಪಲ್ಸಾರ್ ಕಡೆಯೇ ಒಲವು. ನಮ್ಮ ಸುತ್ತ ಇರುವ ಕುಬ್ಜ ಗ್ಯಾಲಕ್ಸಿಗಳಲ್ಲಿ ಡಾರ್ಕ್ ಮ್ಯಾಟರ್ ತುಂಬ, ಪಲ್ಸಾರ್‌ನಂಥ ಗದ್ದಲ ಕಡಿಮೆ. ಅಲ್ಲಿ ಫರ್ಮಿ ವರ್ಷಗಟ್ಟಲೆ ಹುಡುಕಿದರೂ ಖಚಿತವಾದದ್ದು ಏನೂ ಸಿಕ್ಕಿಲ್ಲ. ಹಾಗಂತ ಡಾರ್ಕ್ ಮ್ಯಾಟರ್ ವಾದ ಸತ್ತಿಲ್ಲ, ಆ ಪಲ್ಸಾರ್‌ಗಳನ್ನೂ ಸಾಕಷ್ಟು ಸಂಖ್ಯೆಯಲ್ಲಿ ಯಾರೂ ಹಿಡಿದು ತೋರಿಸಿಲ್ಲವಲ್ಲ. ರೇಡಿಯೋ ದೂರದರ್ಶಕಗಳಲ್ಲಿ ಈಗ ನಡೆಯುತ್ತಿರುವ ಹುಡುಕಾಟ ಅದೇ.

– ಸಂಪಾದಕ