ಅಣ್ಣನನ್ನು ಇಂಜೆಕ್ಷನ್ ಪ್ರಯೋಗಕ್ಕೆ ಸೇರಿಸಬೇಕಾ?

ನಮಸ್ಕಾರ. ನಿಮ್ಮ ಪತ್ರ ಓದಿ ಸಂಕಟವಾಯಿತು. ಅಣ್ಣನಿಗೆ ಮೆಲನೋಮ, ಅಂದರೆ ಬೇಗ ಮೈಯೆಲ್ಲ ಹರಡಬಲ್ಲ ಚರ್ಮದ ಕ್ಯಾನ್ಸರ್. ಕಾಲಿನ ಕ್ಯಾನ್ಸರ್ ಗಂಟುಗಳನ್ನು ಆಪರೇಷನ್ ಮಾಡಿ ತೆಗೆಯುವ ಹಂತ ದಾಟಿದೆ. ಗಂಟಿಗೇ ಚುಚ್ಚುವ ಹೊಸ ಔಷಧದ ಪ್ರಯೋಗಕ್ಕೆ ಸೇರುತ್ತೀರಾ ಎಂದು ಡಾಕ್ಟರು ಕೇಳಿದ್ದಾರೆ. ಯಾರಿಗೆ ಔಷಧ, ಯಾರಿಗೆ ಬರೀ ಸೂಜಿ ಎಂಬುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ ಎಂದು ಗೊತ್ತಾಗಿ ನಿಮಗೆ ಸಿಟ್ಟು ಬಂದಿದೆ. ‘ಇಷ್ಟು ಕಾಯಿಲೆ ಬಿದ್ದವರ ಜೊತೆ ಲಾಟರಿ ಆಡುತ್ತಾರಾ?’ ಎಂದು ಕೇಳಿದ್ದೀರಿ.

ನಿಮ್ಮ ಸಿಟ್ಟು ಸಹಜ. ಆದರೂ ಆ ಲಾಟರಿಯ ಪರವಾಗಿಯೇ ನಾನು ಮಾತಾಡುತ್ತೇನೆ.

ಹೀಗೆ ಗಂಟಿಗೇ ಚುಚ್ಚುವ ವೈರಸ್ ಔಷಧಗಳಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆದದ್ದು ಟಿ-ವೆಕ್. 2015ರಲ್ಲಿ ಒಪ್ಪಿಗೆ ಸಿಕ್ಕಿತು. ತುಟಿಯ ಮೇಲೆ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸನ್ನೇ ಪಳಗಿಸಿ, ದೇಹದ ರಕ್ಷಣಾ ಕಣಗಳನ್ನು ಕರೆಯುವ ಜೀನ್ ಒಂದನ್ನು ಅದಕ್ಕೆ ಸೇರಿಸಿದ್ದಾರೆ. ಗಂಟಿನ ಒಂದು ಕಡೆ ಸೂಜಿ ಚುಚ್ಚಿ, ಪೂರ್ತಿ ಹೊರಗೆಳೆಯದೆ, ಬೀಸಣಿಗೆಯ ಕಡ್ಡಿಗಳ ಹಾಗೆ ಬೇರೆ ಬೇರೆ ದಿಕ್ಕಿಗೆ ತಿರುಗಿಸುತ್ತಾ ಔಷಧ ಬಿಡುತ್ತಾರೆ. ಮೊದಲ ಸಲ ಸೌಮ್ಯ ಡೋಸ್. ಮೂರು ವಾರ ಬಿಟ್ಟು ಜೋರು ಡೋಸ್, ಆಮೇಲೆ ಎರಡು ವಾರಕ್ಕೊಮ್ಮೆ. ಚಳಿಜ್ವರ, ಸುಸ್ತು ಬರುವುದು ಮಾಮೂಲು. ಮನೆಯಲ್ಲಿ ಪಟ್ಟಿ ಬದಲಿಸುವವರು ಗ್ಲೌಸ್ ಹಾಕಿಕೊಳ್ಳಬೇಕು, ವೈರಸ್ ಅಂಟಬಹುದು.

ಚುಚ್ಚಿದ ಗಂಟು ಎಷ್ಟೋ ಸಲ ಕಣ್ಣೆದುರೇ ಕರಗುತ್ತದೆ. ಎಡವಟ್ಟಾಗುವುದು ಇಲ್ಲೇ. ಅಣ್ಣನ ಜೀವ ಇರುವುದು ಆ ಒಂದು ಗಂಟಿನಲ್ಲಲ್ಲ. ಸೂಜಿ ತಾಕದ ಗಂಟುಗಳು, ಶ್ವಾಸಕೋಶ, ಲಿವರ್‌ಗೆ ಹೋಗಿರುವ ಕಣಗಳು ಏನಾದವು ಎಂಬುದೇ ಮುಖ್ಯ. 436 ಜನರ ಪ್ರಯೋಗದಲ್ಲಿ ಟಿ-ವೆಕ್ ಪಡೆದವರ ಪೈಕಿ ಶೇಕಡಾ 16.3 ಮಂದಿಯಲ್ಲಿ ಗಂಟುಗಳು ಗಣನೀಯವಾಗಿ ಕುಗ್ಗಿ, ಆರು ತಿಂಗಳಾದರೂ ಹಾಗೇ ಉಳಿದವು. ಹೋಲಿಕೆಯ ಔಷಧ ಪಡೆದವರಲ್ಲಿ ಅದು ಶೇಕಡಾ 2.1. ಒಳ್ಳೆಯ ಸುದ್ದಿಯೇ. ಆದರೆ ಒಳ ಅಂಗಗಳ ಗಡ್ಡೆಗಳ ಮೇಲೆ ಪರಿಣಾಮ ಕಡಿಮೆಯೇ ಇತ್ತು.

ಆಮೇಲೆ ನಡೆದದ್ದನ್ನು ಕೇಳಿ. ಟಿ-ವೆಕ್ ಜೊತೆಗೆ ಪೆಂಬ್ರೊಲಿಜುಮ್ಯಾಬ್ ಎಂಬ ಇಮ್ಯುನೋಥೆರಪಿ ಔಷಧವನ್ನೂ, ಅಂದರೆ ದೇಹದ ರಕ್ಷಣಾ ಕಣಗಳನ್ನೇ ಕ್ಯಾನ್ಸರ್ ವಿರುದ್ಧ ಎಬ್ಬಿಸುವ ಔಷಧವನ್ನೂ, ಕೊಟ್ಟು ನೋಡಿದರು. ಮೊದಲು 21 ಜನರಿಗೆ. ಎಲ್ಲರಿಗೂ ಎರಡೂ ಔಷಧ, ಲಾಟರಿ ಇಲ್ಲ. ಶೇಕಡಾ 62ರಷ್ಟು ಮಂದಿಯಲ್ಲಿ ಕ್ಯಾನ್ಸರ್ ಕುಗ್ಗಿತು. ಯಾರಿಗೆ ಆಸೆ ಹುಟ್ಟುವುದಿಲ್ಲ ಹೇಳಿ? ಮುಂದೆ 692 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವೈರಸ್ ಜೊತೆ ಪೆಂಬ್ರೊಲಿಜುಮ್ಯಾಬ್, ಇನ್ನೊಂದಕ್ಕೆ ಖಾಲಿ ಇಂಜೆಕ್ಷನ್ ಜೊತೆ ಅದೇ ಪೆಂಬ್ರೊಲಿಜುಮ್ಯಾಬ್. ಬದುಕಿನ ಅವಧಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲಾಟರಿ ಇಲ್ಲದಿದ್ದರೆ ಸಾವಿರಾರು ರೋಗಿಗಳು ಸುಮ್ನೆ ಎರಡು ವಾರಕ್ಕೊಮ್ಮೆ ಸೂಜಿ ಚುಚ್ಚಿಸಿಕೊಂಡು ಜ್ವರ ಅನುಭವಿಸುತ್ತಿದ್ದರು, ಅಲ್ವಾ?

ಖಾಲಿ ಇಂಜೆಕ್ಷನ್ ಸಿಕ್ಕವರನ್ನೂ ಅಲ್ಲಿ ಬರಿಗೈಯಲ್ಲಿ ಬಿಟ್ಟಿರಲಿಲ್ಲ, ನೋಡಿ. ಒಳ್ಳೆಯದೆಂದು ಸಾಬೀತಾದ ಔಷಧ ಅವರಿಗೂ ಇತ್ತು. ಹಾಗಾಗಿ ಡಾಕ್ಟರ ಹತ್ತಿರ ಮೊದಲು ಇದನ್ನೇ ಕೇಳಿ: ‘ಅಣ್ಣ ಬರೀ ಸೂಜಿಯ ಗುಂಪಿಗೆ ಬಿದ್ದರೆ, ಅದರ ಜೊತೆ ಏನು ಕೊಡುತ್ತೀರಿ?’ ಉತ್ತರ ‘ಏನೂ ಇಲ್ಲ’ ಎಂದಾದರೆ, ಸಾಬೀತಾದ ಔಷಧಗಳನ್ನೆಲ್ಲ ಅಣ್ಣನಿಗೆ ಕೊಟ್ಟು ನೋಡಿ ಆಗಿದೆಯಾ ಎಂದು ಕೇಳಿ. ಆಗಿಲ್ಲ ಎಂದರೆ ಸೇರಿಸಬೇಡಿ. ಇಮ್ಯುನೋಥೆರಪಿ ಬಂದ ಮೇಲೆ ಹರಡಿದ ಮೆಲನೋಮ ಇದ್ದವರೂ ಎಷ್ಟೋ ವರ್ಷ ಬದುಕುತ್ತಿದ್ದಾರೆ. ಆ ಅವಕಾಶ ಕೈತಪ್ಪಬಾರದು.

ಇನ್ನೊಂದು ಮಾತು. ಚುಚ್ಚಿದ ಮೇಲೆ ಗಂಟು ಕೆಲವೊಮ್ಮೆ ಮೊದಲು ಊದಿ, ಆಮೇಲೆ ಇಳಿಯುತ್ತದೆ. ನಿಜವಾಗಿ ಬೆಳೆಯುತ್ತಿದ್ದರೂ ಆರಂಭದಲ್ಲಿ ಹಾಗೇ ಕಾಣುತ್ತದೆ. ಎಷ್ಟು ದಿನ ಕಾದು ನೋಡುತ್ತಾರೆ, ಯಾವಾಗ ಔಷಧ ಬದಲಿಸುತ್ತಾರೆ ಎಂಬುದನ್ನು ಸಹಿ ಹಾಕುವ ಮೊದಲೇ ತಿಳಿದುಕೊಳ್ಳಿ.

ಸೇರಿದ ಮೇಲೆ ನಡುವೆ ಬಿಡಬಹುದಾ ಎಂದೂ ಕೇಳಿದ್ದೀರಿ. ಬಿಡಬಹುದು, ಯಾವಾಗ ಬೇಕಾದರೂ. ಕಾರಣ ಹೇಳಲೇಬೇಕೆಂದಿಲ್ಲ, ಬಿಟ್ಟರೆಂದು ಮಾಮೂಲು ಚಿಕಿತ್ಸೆಯನ್ನು ನಿಲ್ಲಿಸುವ ಹಾಗೂ ಇಲ್ಲ. ಆದರೆ ಆಸ್ಪತ್ರೆಗೆ ಹೋಗುವುದನ್ನು ಹೇಳದೆ ಕೇಳದೆ ನಿಲ್ಲಿಸಬೇಡಿ. ಚುಚ್ಚಿದ ಔಷಧದಿಂದ ಏನಾದರೂ ತೊಂದರೆ ಆಗಿದೆಯಾ ಎಂದು ಅವರು ಕೊನೆಯದಾಗಿ ಒಮ್ಮೆ ಪರೀಕ್ಷಿಸಿ ಕಳಿಸುವುದು ಅಣ್ಣನಿಗೇ ಒಳ್ಳೆಯದು.