ಓದುಗರ ಪ್ರಶ್ನೆ: ಹಂಚಿನ ಮಾಡು ಕಟ್ಟುವಾಗ ಕಂಪ್ಯೂಟರ್ ನಿಂತುಹೋದರೆ

ಪ್ರಶ್ನೆ: ನಾನು ವಾಸ್ತುಶಿಲ್ಪ ವಿದ್ಯಾರ್ಥಿ. ಕುಂದಾಪುರದ ಬಳಿಯ ನಮ್ಮ ಅಜ್ಜನ ಮನೆಯನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರಚಿಸುತ್ತಿದ್ದೇನೆ. ಮಂಗಳೂರು ಹಂಚೊಂದನ್ನು ಅದರ ಕಾಲುವೆ, ಅಂಚಿನ ಕಚ್ಚು, ಅಡಿಯಲ್ಲಿರುವ ಕಾರ್ಖಾನೆಯ ಹೆಸರಿನ ಸಮೇತ ಮಾಡಿದಾಗ 4,800 ಫೇಸ್‌ಗಳಾದವು (ಆಕಾರವನ್ನು ಕಟ್ಟುವ ಸಣ್ಣ ಚಪ್ಪಟೆ ಮುಖಗಳು). 'ಆರೇ ಮಾಡಿಫೈಯರ್' (ಒಂದು ವಸ್ತುವನ್ನು ಸಾಲುಸಾಲಾಗಿ ನಕಲಿಸುವ ಸೌಲಭ್ಯ) ಹಾಕಿ ಅದನ್ನು ಮಾಡಿನ ತುಂಬ ಹರಡಿದೊಡನೆ 8 ಜಿಬಿ ರ‍್ಯಾಮಿನ ಲ್ಯಾಪ್‌ಟಾಪ್ ನಿಂತೇಹೋಯಿತು. ಅಂದ ಕೆಡದಂತೆ ಇದನ್ನು ಹಗುರಗೊಳಿಸುವುದು ಹೇಗೆ?
— ಓದುಗರೊಬ್ಬರು, ಕುಂದಾಪುರ

ಉತ್ತರ: ಮೊದಲು ಲೆಕ್ಕ ಹಾಕೋಣ. ಮಂಗಳೂರು ಹಂಚು ಚದರ ಮೀಟರಿಗೆ ಸುಮಾರು 15 ಬೇಕಾಗುತ್ತದೆ. ಮಾಡು 200 ಚದರ ಮೀಟರ್ ಇದ್ದರೆ 3,000 ಹಂಚು, ಅಂದರೆ 1 ಕೋಟಿ 44 ಲಕ್ಷ ಫೇಸ್‌ಗಳು. ಆರೇ ಮಾಡಿಫೈಯರ್ ಪ್ರತಿ ಹಂಚಿನ ಮೆಶ್ಶನ್ನೂ (ಫೇಸ್‌ಗಳ ಜಾಲ) ನಿಜವಾಗಿಯೇ ಹೊಸದಾಗಿ ಸೃಷ್ಟಿಸುವುದರಿಂದ ಆ ಭಾರವೆಲ್ಲ ನೇರವಾಗಿ ಮೆಮೊರಿಯ ಮೇಲೆ ಬೀಳುತ್ತದೆ.

ಇನ್‌ಸ್ಟನ್ಸ್‌ನಲ್ಲಿ ಹಾಗಾಗುವುದಿಲ್ಲ. ಅಲ್ಲಿ ಹಂಚಿನ ಮೆಶ್ ಒಂದೇ ಇದ್ದು, ಉಳಿದ ಕಡೆ ಅದು ಎಲ್ಲಿ, ಎಷ್ಟು ವಾಲಿ ಕುಳಿತಿದೆ ಎಂಬುದಷ್ಟೇ ದಾಖಲಾಗುತ್ತದೆ. ಕೈಯಿಂದ ಜೋಡಿಸುವಾಗ ಶಿಫ್ಟ್ ಮತ್ತು ಡಿ ಬದಲು ಆಲ್ಟ್ ಮತ್ತು ಡಿ ಒತ್ತಿದರೆ ನಕಲುಗಳು ಒಂದೇ ಮೆಶ್ಶನ್ನು ಹಂಚಿಕೊಳ್ಳುತ್ತವೆ. ಆದರೆ ಇಡೀ ಮಾಡಿಗೆ 2021ರಲ್ಲಿ 2.92ನೇ ಆವೃತ್ತಿಯೊಂದಿಗೆ ಬಂದ ಜಿಯಾಮೆಟ್ರಿ ನೋಡ್ಸ್ (ನೋಡ್ ಎಂಬ ಘಟಕಗಳನ್ನು ಜೋಡಿಸಿ ಆಕಾರ ರಚಿಸುವ ವ್ಯವಸ್ಥೆ) ಹೆಚ್ಚು ಅನುಕೂಲ: ಒಂದು ಗ್ರಿಡ್ಡಿನ ಬಿಂದುಗಳ ಮೇಲೆ 'ಇನ್‌ಸ್ಟನ್ಸ್ ಆನ್ ಪಾಯಿಂಟ್ಸ್' ನೋಡ್‌ನಿಂದ ಹಂಚುಗಳನ್ನು ಕೂರಿಸಬಹುದು. ಬಿಂದುಗಳ ಅಂತರ ಹಂಚಿನ ಪೂರ್ತಿ ಅಳತೆಯಲ್ಲ, ಒಂದರ ಮೇಲೊಂದು ಹೊದ್ದ ಬಳಿಕ ಹೊರಗೆ ಕಾಣುವ ಭಾಗದ ಅಳತೆ ಎಂಬುದನ್ನು ಮರೆಯಬೇಡಿ. ಸುಮಾರು 41 ಸೆಂಟಿಮೀಟರ್ ಉದ್ದದ ಹಂಚಿನಲ್ಲಿ ಅದು 32ರ ಆಸುಪಾಸಿನಲ್ಲಿರುತ್ತದೆ. ಮನೆಯ ರೀಪುಗಳ ನಡುವಿನ ಅಂತರವನ್ನು ಟೇಪು ಹಿಡಿದು ಅಳೆದರೆ ಸರಿಯಾದ ಸಂಖ್ಯೆಯೇ ಸಿಗುತ್ತದೆ.

ಬಹಳ ಮಂದಿ ಎಡವುವುದು ಹಂಚಿನ ವಾಲಿಕೆಯಲ್ಲಿ. ಹಂಚಿನ ತಲೆ ರೀಪಿನ ಮೇಲೂ ಬಾಲ ಕೆಳಗಿನ ಹಂಚಿನ ಮೇಲೂ ಕೂರುವುದರಿಂದ ಅದರ ಇಳಿಜಾರು ಮಾಡಿನ ಇಳಿಜಾರಿಗಿಂತ ಸ್ವಲ್ಪ ಕಡಿಮೆ. ಬಾಲ 2.5 ಸೆಂಟಿಮೀಟರ್ ಎದ್ದಿದ್ದರೆ ವ್ಯತ್ಯಾಸ ನಾಲ್ಕು ಡಿಗ್ರಿಗಿಂತ ತುಸು ಹೆಚ್ಚು. ಇದನ್ನು ಬಿಟ್ಟು ಎಲ್ಲವನ್ನೂ ಮಾಡಿಗೆ ಸಮಾನಾಂತರವಾಗಿ ಇಟ್ಟರೆ ಹಂಚುಗಳು ಒಂದರೊಳಗೊಂದು ಹೂತುಹೋಗುತ್ತವೆ, ಸಾಲುಸಾಲಾಗಿ ಬೀಳಬೇಕಾದ ನೆರಳು ಮಾಯವಾಗುತ್ತದೆ. ಹಂಚಿನ ಮಾಡು ಹಂಚಿನ ಮಾಡಾಗಿ ಕಾಣುವುದೇ ಆ ನೆರಳಿನಿಂದ.

ಇನ್‌ಸ್ಟನ್ಸ್ ಮೆಮೊರಿಯನ್ನು ಉಳಿಸಿದರೂ ವ್ಯೂಪೋರ್ಟ್ (ಕೆಲಸ ಮಾಡುವಾಗ ಮಾದರಿ ಕಾಣುವ ಕಿಟಕಿ) ಪ್ರತಿ ಹಂಚನ್ನೂ ಚಿತ್ರಿಸಲೇಬೇಕು. ಆದ್ದರಿಂದ ಮೂಲ ಹಂಚಿನ ಫೇಸ್‌ಗಳನ್ನೂ ಇಳಿಸಬೇಕಾಗುತ್ತದೆ. ಮೇಲಿನ ಎರಡು ಕಾಲುವೆ ಮತ್ತು ಬಾಲದ ದಪ್ಪವನ್ನು ಮೆಶ್ಶಿನಲ್ಲಿ ಉಳಿಸಿಕೊಂಡು, ಸಣ್ಣ ಗೀರುಗಳನ್ನು ನಿಮ್ಮ 4,800 ಫೇಸ್‌ಗಳ ಹಂಚಿನಿಂದಲೇ ನಾರ್ಮಲ್ ಮ್ಯಾಪ್ (ಉಬ್ಬುತಗ್ಗಿನ ಭ್ರಮೆ ಹುಟ್ಟಿಸುವ ಚಿತ್ರ) ಆಗಿ ಬೇಕ್ ಮಾಡಿ, ಅಂದರೆ ಅಚ್ಚಿಳಿಸಿ. 200–300 ಫೇಸ್‌ಗಳಲ್ಲಿ ಕೆಲಸ ಮುಗಿಯುತ್ತದೆ. ಅಡಿಯ ಹೆಸರಿನ ಬಗ್ಗೆ ನಿಮಗೆ ಮಮತೆ ಇರುವುದು ಸಹಜ. 1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಬೆಳೆದ ಉದ್ಯಮದ ಗುರುತು ಅದು. ಆದರೆ ಅಟ್ಟದಿಂದ ತಲೆಯೆತ್ತಿ ನೋಡುವ ದೃಶ್ಯ ನಿಮ್ಮಲ್ಲಿ ಇಲ್ಲದಿದ್ದರೆ ಅದನ್ನು ಕೆತ್ತಿ ಪ್ರಯೋಜನವಿಲ್ಲ.

ಉಳಿಸಿದ ಶ್ರಮವನ್ನು ಹಂಚುಗಳ ನಡುವಿನ ವ್ಯತ್ಯಾಸಕ್ಕೆ ಹಾಕಿ. ಮೂರ್ನಾಲ್ಕು ಬಗೆಯ ಹಂಚುಗಳನ್ನು (ಒಂದರ ಮೂಲೆ ಮುರಿದಿರಲಿ, ಒಂದು ಪಾಚಿಗಟ್ಟಿರಲಿ) ಒಂದು ಕಲೆಕ್ಷನ್‌ನಲ್ಲಿಟ್ಟು 'ಸೆಪರೇಟ್ ಚಿಲ್ಡ್ರನ್' ಮತ್ತು 'ಪಿಕ್ ಇನ್‌ಸ್ಟನ್ಸ್' ಆಯ್ಕೆಗಳನ್ನು ಗುರುತಿಸಿದರೆ ಅವು ಬೆರೆತು ಕೂರುತ್ತವೆ. ಜೊತೆಗೆ 'ರ‍್ಯಾಂಡಮ್ ವ್ಯಾಲ್ಯೂ' ನೋಡ್‌ನಿಂದ ಒಂದು ಡಿಗ್ರಿಯೊಳಗೆ ಅತ್ತಿತ್ತ ತಿರುಗಿಸಿ. ಅದಕ್ಕಿಂತ ಹೆಚ್ಚಾದರೆ ಮಂಗ ಹಾದುಹೋದ ಮಾಡಿನಂತೆ ಕಾಣುತ್ತದೆ. ಮಾಡಿನ ಮೂಲೆಗಳಲ್ಲಿ ಹಂಚನ್ನು ಓರೆಯಾಗಿ ಕತ್ತರಿಸಬೇಕಾಗುತ್ತದೆ. ಇನ್‌ಸ್ಟನ್ಸನ್ನು ಕತ್ತರಿಸಲಾಗದ ಕಾರಣ ಆ ಓರೆಗೆರೆಗೆ ತಾಗುವ ಹಂಚುಗಳನ್ನು ಮಾತ್ರ 'ರಿಯಲೈಸ್ ಇನ್‌ಸ್ಟನ್ಸಸ್' ಮೂಲಕ ನಿಜವಾದ ಮೆಶ್ಶಾಗಿ ಬದಲಿಸಿ ಬೂಲಿಯನ್ (ಒಂದು ಆಕಾರದಿಂದ ಇನ್ನೊಂದನ್ನು ಕತ್ತರಿಸುವ ಸೌಲಭ್ಯ) ಹಾಕಿ. ಕತ್ತರಿಸಿದ ಅಂಚು ಮೂಲೆಯ ಹಂಚಿನ ಅಡಿಯಲ್ಲಿ ಮುಚ್ಚಿಹೋಗುವುದರಿಂದ ಅಲ್ಲಿ ನಾಜೂಕು ಬೇಕಿಲ್ಲ.

ಪ್ರಶ್ನೆ: ಇಷ್ಟೆಲ್ಲ ಏಕೆ? ಹಂಚಿನ ಚಿತ್ರವೊಂದನ್ನು ಸಮತಟ್ಟಾದ ಮಾಡಿಗೆ ಅಂಟಿಸಿದರೆ ಸಾಲದೆ?
— ಇನ್ನೊಬ್ಬ ಓದುಗರು, ಶಿರಸಿ

ಉತ್ತರ: ಬೀದಿಯಾಚೆಯ ಮನೆಗೆ ಖಂಡಿತ ಸಾಕು, ಜೊತೆಗೊಂದು ನಾರ್ಮಲ್ ಮ್ಯಾಪ್ ಇದ್ದರೆ ಇನ್ನೂ ಒಳ್ಳೆಯದು. ಕ್ಯಾಮೆರಾ ಹತ್ತಿರವಾದಾಗ ಮಾತ್ರ ಮೋಸ ಬಯಲಾಗುತ್ತದೆ, ಅದೂ ಸೂರಿನಂಚಿನಲ್ಲಿ. ನಾರ್ಮಲ್ ಮ್ಯಾಪ್ ಬೆಳಕನ್ನಷ್ಟೇ ಬಾಗಿಸುತ್ತದೆ, ಆಕಾರವನ್ನಲ್ಲ. ಹೀಗಾಗಿ ಆಕಾಶದೆದುರು ಅಲೆಅಲೆಯಾಗಿ ಕಾಣಬೇಕಾದ ಅಂಚು ಸ್ಕೇಲಿನಿಂದ ಗೆರೆ ಎಳೆದಂತೆ ನೇರವಾಗಿಬಿಡುತ್ತದೆ. ಮಧ್ಯಮ ದೂರದ ಮನೆಗಳಲ್ಲಿ ನಾನು ಸೂರಿನ ಕೊನೆಯ ಎರಡು ಸಾಲು ಮತ್ತು ನೆತ್ತಿಯ ಸಾಲನ್ನು ಮಾತ್ರ ನಿಜವಾದ ಹಂಚಿನಿಂದ ಮಾಡಿ, ನಡುವಿನದನ್ನು ಚಿತ್ರಕ್ಕೆ ಬಿಡುತ್ತೇನೆ.